ತೂತು ಹಾಕಿಸಿದ ಗಡಿಗೆ

ಮಸ್ಕಿಯ ವಿಜ್ಞಾನದ ಮಾಸ್ತರ ಸಿದ್ದರಾಮೇಶನ ಮನೆಯಲ್ಲಿ ಇದ್ದ ಜೀವಗಳು ಮೂರೇ: ಅವನು, ತಾಯಿ ಹೊನ್ನೂರಮ್ಮ, ನೊಣ ತಿನ್ನುವ ಒಂದು ಗಿಡ. ಬಾಯಿ ತೆರೆದೇ ಇರುವ ಆ ಗಿಡ ನೊಣ ಕೂತೊಡನೆ ಗಪ್ಪನೆ ಮುಚ್ಚಿಕೊಳ್ಳುತ್ತಿತ್ತು. ಅದರ ಜೊತೆಗೆ ತರಿಸಿದ್ದವೆಲ್ಲ ಈ ಬೇಸಿಗೆಗೆ ಬಲಿಯಾಗಿದ್ದವು. ಎಲೆಗೆ ಬಿಸಿಲು ಬೇಕು, ಬೇರಿಗೆ ತಂಪು ಬೇಕು. ಕರಿ ಪ್ಲಾಸ್ಟಿಕ್ ಕುಂಡವೋ ಕಾದ ಹೆಂಚು. ಉಳಿದ ಈ ಒಂದನ್ನಾದರೂ ಬದುಕಿಸಲೇಬೇಕೆಂದು ಮಾಸ್ತರ ಹಟ ಹಿಡಿದಿದ್ದ.

ಕುಡಿಯುವ ನೀರನ್ನು ತಂಪಾಗಿಡುವ ಗಡಿಗೆ ಬೇರನ್ನೂ ತಂಪಾಗಿಡದೇ? ಗಡಿಗೆಯೊಳಗೆ ಒದ್ದೆ ಮರಳು, ಮರಳಿನ ನಡುವೆ ಕುಂಡ, ನೀರು ನಿಲ್ಲದಂತೆ ಒಂದು ತೂತು. ತಾಯಿಯನ್ನು ಬೆಳಗಿನ ಬಸ್ಸಿಗೆ ಹತ್ತಿಸಿ ಅವನು ನೇರ ಕುಂಬಾರ ಹುಸೇನಪ್ಪನಲ್ಲಿಗೆ ಹೋದ. ಒಂದೊಂದು ಗಡಿಗೆಯನ್ನೂ ಬೆರಳಿಂದ ಬಡಿದು, ನೀರು ಹಾಕಿ ನೋಡಿ ಆರಿಸಿದ.

"ಬಣ್ಣ ಹಚ್ಚಿದ್ದು ಬ್ಯಾಡ್ರೀ, ನೀರು ಜಿನುಗಬೇಕು. ಇದ ಇರ್ಲಿ, ಬಾಯಿ ಅಗಲ ಐತಿ. ಇದಕ್ಕೊಂದು ತೂತು ಹಾಕಿ ಕೊಡ್ರಿ."

ಹುಸೇನಪ್ಪನ ಕೈ ನಿಂತಿತು. ಅವನಿಗೆ ಗೊತ್ತಿದ್ದಂತೆ ಹೊಸ ಗಡಿಗೆಗೆ ತೂತು ಬೀಳುವುದು ಒಂದೇ ಕಡೆ, ಮಗ ಅದನ್ನು ಹೆಗಲ ಮೇಲಿಟ್ಟುಕೊಂಡು ಚಿತೆ ಸುತ್ತುವಾಗ.

"ತೂತು ಅಲ್ಲೇ ಹಾಕ್ತಾರಲ್ರೀ ಮಾಸ್ತರ?" ಎಂದ ಮೆಲ್ಲಗೆ.

"ನನಗ ಹಾಕಾಕ ಬರಂಗಿಲ್ರೀ, ಒಡದ್ರ ಏನ್ ಮಾಡ್ಲಿ? ಲಗೂನ ಮಾಡ್ರಿ, ಬಿಸಿಲು ಏರಾಕತ್ತೈತಿ."

"ಅವ್ವಾರು ಎಲ್ಲಿ ಅದಾರ್ರೀ?"

"ಸಿಂಧನೂರು ದವಾಖಾನ್ಯಾಗ."

ಹುಸೇನಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಲೇ ತೂತು ಕೊರೆದು ಕೊಟ್ಟ. ಭಟ್ಟಿಯ ಹೊಗೆ ಇರಬೇಕೆಂದುಕೊಂಡ ಮಾಸ್ತರ.

ಹಳ್ಳಕ್ಕೆ ಹೋಗಿ ಮರಳು ಸೋಸಿ ತುಂಬಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಹುಸೇನಪ್ಪನ ಫೋನು ಓಣಿ ಮುಟ್ಟಿತ್ತು. ಅಂಗಳದಲ್ಲಿ ಜಮಖಾನ ಹಾಸಿತ್ತು, ಜನ ತುಂಬಿತ್ತು. ಹೆಗಲ ಮೇಲೆ ಗಡಿಗೆ ಹೊತ್ತು ಬಂದ ಮಾಸ್ತರನನ್ನು ಕಂಡದ್ದೇ ಪಕ್ಕದ ಮನೆಯ ಮಾರೆಮ್ಮ ಎದೆ ಎದೆ ಬಡಿದುಕೊಂಡಳು. "ಎಂಥಾ ತಾಯಿ ಇದ್ಲೋ ಯಪ್ಪಾ!"

"ಯಾರು ಸತ್ತಾರ್ರೀ?"

"ಪಾಪ, ದುಃಖಕ್ಕ ತಲಿ ಕೆಟ್ಟೈತಿ," ಎಂದ ಎದುರುಮನೆಯ ಪಂಪಣ್ಣ. "ಹೆಣ ಎಷ್ಟೊತ್ತಿಗೆ ಬರ್ತೈತ್ರೀ ಮಾಸ್ತರ?"

ಅಷ್ಟರಲ್ಲಿ ಆಟೋ ಬಂತು. ಕಣ್ಣು ತೋರಿಸಿಕೊಂಡು ಬಂದ ಹೊನ್ನೂರಮ್ಮ ಕರಿ ಕನ್ನಡಕ ಹಾಕಿಕೊಂಡು ಇಳಿದಳು. "ಯಾರು ಹೋದ್ರಬೇ ಮಾರೆಮ್ಮ?"

ಪಂಪಣ್ಣ ತಲೆ ತಗ್ಗಿಸಿ, ಮಾಸ್ತರನ ಹೆಗಲ ಮೇಲಿನ ತೂತು ಗಡಿಗೆಯ ಕಡೆ ಬೆರಳು ತೋರಿಸಿದ. ಮುದುಕಿಗೆ ಎಲ್ಲ ತಿಳಿಯಿತು. ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಮಗನ ಕಣ್ಣು ಬೇರೆಲ್ಲೋ ಇತ್ತು. ಜಮಖಾನಕ್ಕೆ ಜಾಗ ಮಾಡಲು ಯಾರೋ ಪುಣ್ಯಾತ್ಮರು ಗಿಡದ ಕುಂಡವನ್ನೆತ್ತಿ ಬಚ್ಚಲಮನೆಯ ಕಾದ ತಗಡಿನ ಮೇಲಿಟ್ಟಿದ್ದರು. ಗಿಡ ಬೆಂದ ಸೊಪ್ಪಿನಂತೆ ಮುದ್ದೆಯಾಗಿತ್ತು. ಗಡಿಗೆ ಕೈಜಾರಿ ಬಿದ್ದು ಚೂರಾಯಿತು. ಮಾಸ್ತರನಿಗೆ ತಡೆಯಲಾಗಲಿಲ್ಲ, ಅಲ್ಲೇ ಕುಸಿದು ಸಣ್ಣ ಕೂಸಿನಂತೆ ಬಿಕ್ಕಿ ಬಿಕ್ಕಿ ಅತ್ತ.

"ಅಯ್ಯ, ತಾಯಿ ಜೀವಂತ ಬಂದಾಳ, ಈಗ್ಯಾಕ ಅಳಾಕತ್ತ್ಯಾನ ಇವ?" ಎಂದಳು ಮಾರೆಮ್ಮ.

ಹೊನ್ನೂರಮ್ಮ ಕನ್ನಡಕ ತೆಗೆದು ಚೂರುಗಳನ್ನು ನೋಡಿದಳು, ಮಗನನ್ನು ನೋಡಿದಳು.

"ತಂದ ಗಡಿಗಿ ದಂಡ ಆತಂತ ಅಳಾಕತ್ತ್ಯಾನಬೇ."