ಹಿಂದೆ ಕಟ್ಟಿದ ಕೆಂಪು ಕಾರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಅಮೆರಿಕದ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಪರೀಕ್ಷಿಸುವುದು ನನ್ನ ಕೆಲಸ, ಹಾಗಾಗಿ ಎಲ್ಲವನ್ನೂ ವಿವರಿಸುವ ಚಟ. ಆದರೆ ಮೋಟರ್‌ಹೋಮ್, ಅಂದರೆ ಅಡುಗೆಮನೆ, ಮಂಚ ಎಲ್ಲ ಇರುವ ಬಸ್ಸು, ಅದರ ಹಿಂದೆ ಹೋದಲ್ಲಿ ಓಡಾಡಲು ಒಂದು ಕಾರು ಕಟ್ಟಿಕೊಂಡು ಹೊರಟವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ.

ಕಾರು ಪುಟ್ಟದು, ಕೆಂಪು, ಎರಡೇ ಸೀಟು. ನನಗೆ ಪ್ರಾಣ. ಹೊರಡುವ ದಿನವೇ ಹೆಂಡತಿ ಹೇಳಿದ್ದಳು, "ಈ ಟ್ರಿಪ್‌ನಲ್ಲಿ ಇದರಿಂದ ಒಂದು ತೊಂದರೆ ಆದ್ರೂ, ವಾಪಸ್ ಬಂದ ತಕ್ಷಣ ಮಾರಿಬಿಡೋದು."

ಬರ್ಲಿ, ಬರ್ಲಿ

ಈಸ್ಟ್‌ಗೇಟ್‌ನಲ್ಲಿ ಸ್ನೇಹಿತರೊಬ್ಬರ ಮನೆಗೆ ತಿಂಡಿಗೆ ಹೋದೆವು. ಅವರ ರಸ್ತೆ ಅಲ್ಲಿಗೇ ಮುಗಿಯುತ್ತಿತ್ತು, ವಾಪಸ್ ತಿರುಗಲೇಬೇಕು. ಹಿಂದೆ ಕಾರು ಕಟ್ಟಿದ್ದರೆ ಬಸ್ಸನ್ನು ರಿವರ್ಸ್ ತೆಗೆಯಬಾರದು, ಕಾರಿನ ಮುಂದಿನ ಚಕ್ರ ಮನಸ್ಸು ಬಂದ ಕಡೆ ತಿರುಗಿಕೊಳ್ಳುತ್ತದೆ. ಮನೆಯ ಯಜಮಾನರು ಹಿಂದೆ ನಿಂತು ಕೈ ಬೀಸತೊಡಗಿದರು.

"ಬರ್ಲಿ, ಬರ್ಲಿ, ರೈಟ್, ರೈಟ್!"

"ಸಾರ್, ಇದು ಹಿಂದಕ್ಕೆ ಬರಲ್ಲ."

"ಯಾಕೆ ಬರಲ್ಲ? ನಾನಿದೀನಲ್ಲ!"

ಕೊನೆಗೆ ಕಾರು ಬಿಚ್ಚಿ, ಬಸ್ಸು ತಿರುಗಿಸಿ, ಮತ್ತೆ ಕಟ್ಟಿದೆ. ಬೆವರು ಒರೆಸಿಕೊಳ್ಳುವಾಗ ಹೆಂಡತಿ ಕೇಳಿದಳು, "ಇದು ತೊಂದರೆ ಲೆಕ್ಕಾನಾ?"

"ಅಲ್ಲ, ವ್ಯಾಯಾಮ."

ನಿದ್ದೆಯಲ್ಲಿ ನಡೆಯುವುದು

ಉಡುಪಿಯಿಂದ ಬಂದಿದ್ದ ಅತ್ತೆ ಬಸ್ಸಿನ ಹಿಂಬದಿಯ ಮಂಚದ ಮೇಲೆ ಕುಳಿತು ಕಿಟಕಿಯಿಂದ ನೋಡುತ್ತಿದ್ದರು. ಬೆಟ್ಟ ಹತ್ತಿದಂತೆ ಮೋಡ ರಸ್ತೆಗೇ ಇಳಿದು, ಮರಗಳು ಒಂದೊಂದಾಗಿ ಬಂದು ಒಂದೊಂದಾಗಿ ಕರಗುತ್ತಿದ್ದವು. ಕಾರು ಮಾತ್ರ ತಾಯಿಯ ಹಿಂದೆ ಕರು ಬಂದ ಹಾಗೆ ಬರುತ್ತಿತ್ತು.

"ಪಾಪ, ಅದಕ್ಕೆ ಸುಸ್ತಾಗುದಿಲ್ವಾ?" ಎಂದರು.

ನಾನು ಸ್ಟೀರಿಂಗ್ ಹಿಡಿದುಕೊಂಡೇ ಜೋರಾಗಿ ವಿವರಿಸಿದೆ: ಗೇರು ನ್ಯೂಟ್ರಲ್‌ನಲ್ಲಿದೆ, ಇಂಜಿನ್ ಮಲಗಿದೆ, ಚಕ್ರ ಉರುಳುತ್ತದೆ, ಸ್ಟೀರಿಂಗ್‌ಗೆ ಬೀಗ ಹಾಕದ ಕಾರಣ ಅದು ತಾನೇ ತಿರುಗುತ್ತದೆ.

ಅತ್ತೆ ಎಲ್ಲ ಕೇಳಿ, "ಹಾಗಾದ್ರೆ ನಿದ್ದೆಯಲ್ಲಿ ನಡೆಯುವುದು ಅನ್ನಿ" ಎಂದರು. ಅಷ್ಟೇ. ನನ್ನ ಭಾಷಣ ವ್ಯರ್ಥ.

ಯಾರೋ ನಮ್ಮೂರಿನವರು

ಬೆಟ್ಟದ ಮೇಲೊಂದು ಕಡೆ ನಿಲ್ಲಿಸಿ ಬಸ್ಸಿನಲ್ಲೇ ಕಾಫಿ ಮಾಡಿದೆವು. ಮತ್ತೆ ಹೊರಡುವಾಗ ಹಿಂಬದಿಯ ಪರದೆ ಎಳೆದಿತ್ತು. "ಅಮ್ಮ ಮಲಗಿದ್ದಾರೆ, ಸದ್ದು ಮಾಡ್ಬೇಡಿ" ಎಂದಳು ಹೆಂಡತಿ.

ಸ್ವಲ್ಪ ದೂರ ಹೋಗಿರಬೇಕು, ಹಿಂದಿನಿಂದ ಹಾರ್ನ್. ಕನ್ನಡಿಯಲ್ಲಿ ಯಾರೂ ಇಲ್ಲ, ಬರೀ ಬಿಳಿ ಮೋಡ. ಮತ್ತೆ ಹಾರ್ನ್. ಈ ಊರಲ್ಲಿ ಹಾರ್ನ್ ಹೊಡೆಯುವುದೆಂದರೆ ಬೈದ ಹಾಗೆ, ಯಾರೂ ಹೊಡೆಯುವುದಿಲ್ಲ.

"ಯಾರೋ ನಮ್ಮೂರಿನವರೇ ಇರ್ಬೇಕು, ಜಾಗ ಬಿಡಿ" ಎಂದಳು. ನಾನು ಮರ್ಯಾದೆಯಿಂದ ಬಲಕ್ಕೆ ಸರಿದೆ. ಹಾರ್ನೂ ಬಲಕ್ಕೆ ಸರಿಯಿತು. ಕಿಟಕಿಯಿಂದ ಕೈ ಹೊರಗೆ ಹಾಕಿ 'ಮುಂದೆ ಹೋಗಿ' ಎಂದೆ. ಹಾರ್ನ್ ಇನ್ನೂ ಜೋರಾಯಿತು.

"ಅಮ್ಮನ್ನ ಎಬ್ಬಿಸ್ತಾರೆ ಇವ್ರು" ಎಂದು ಹೆಂಡತಿ ಪರದೆ ಸರಿಸಿದಳು. ಮಂಚದ ಮೇಲೆ ಶಾಲು ಮಾತ್ರ ಇತ್ತು.

ನಿಲ್ಲಿಸಿ ಹಿಂದಕ್ಕೆ ಓಡಿದೆವು. ಅತ್ತೆ ಕೆಂಪು ಕಾರಿನಲ್ಲಿದ್ದರು. ಊರಿನ ಅಭ್ಯಾಸದಂತೆ ಎಡಗಡೆಯ ಸೀಟಿನಲ್ಲಿ. ಇಲ್ಲಿ ಅದು ಡ್ರೈವರ್ ಸೀಟು.

"ನೀವು ಕಾಫಿ ಮಾಡುವಾಗ ಪಾತ್ರೆ ಸದ್ದಿಲ್ಲದ ಕಡೆ ಸ್ವಲ್ಪ ಕೂತುಕೊಳ್ಳುವ ಅಂತ ಬಂದೆ, ಕಣ್ಣು ಹತ್ತಿತು" ಎಂದರು. "ಎಚ್ಚರಾದ್ರೆ ಸುತ್ತ ಮೋಡ, ಸ್ಟೀರಿಂಗ್ ತಾನೇ ತಿರುಗ್ತಾ ಉಂಟು. ನನ್ನ ಕಥೆ ಮುಗೀತು, ಮೇಲಿಂದ ಕಾರು ಕಳಿಸಿದ್ದಾರೆ ಅಂದ್ಕೊಂಡೆ. ಒಂಚೂರೂ ಹೆದರಿಕೆ ಆಗ್ಲಿಲ್ಲ ಮಾರಾಯ್ರೆ, ಎಂತ ಚಂದ!"

"ಮತ್ತೆ ಹಾರ್ನ್ ಯಾಕೆ ಹೊಡೆದ್ರಿ?" ಎಂದೆ.

"ಸ್ವರ್ಗದ ದಾರಿಯಲ್ಲೂ ನಿಮ್ಮ ಬಸ್ಸು ಅಡ್ಡ ಉಂಟಲ್ಲ!"

ಹೆಂಡತಿ ನನ್ನ ಕಡೆ ತಿರುಗಿದಳು. "ಆಯ್ತು. ಮಾರೋದೇ."

"ಮಾರಿದ್ರೆ ನಾನು ನಾಳೆಯೇ ಊರಿಗೆ" ಎಂದರು ಅತ್ತೆ, ಸ್ಟೀರಿಂಗ್ ಬಿಡದೆ. ಕಾರು ಉಳಿಯಿತು.

ಈಗ ನೀವು ಕೇಳಬಹುದು, ಕಟ್ಟಿದ ಕಾರಿನಲ್ಲಿ ಮನುಷ್ಯರು ಕೂರಬಹುದೇ ಎಂದು. ಖಂಡಿತ ಕೂರಬಾರದು. ಯಾಕೆಂದರೆ ಕಾರನ್ನು ಹಿಡಿದಿರುವ ಸರಳಿಗೆ ಎರಡು ಸರಪಳಿ ಇರುತ್ತವೆ, ಅವು ಯಾಕೆ ಅಂದರೆ, ಸರಳು ಒಂದು ವೇಳೆ...

ಇರಿ, ಹೊರಗೆ ಹಾರ್ನ್. ಯಾರೋ ನಮ್ಮೂರಿನವರು. ಎಡಗಡೆ ಸೀಟಿನಲ್ಲಿ ಕುಳಿತಾಗಿದೆ.