ಡ್ರಸೀನಾ ಗಿಡದ ಮುಚ್ಚಳಿಕೆ

ಬೆಳೆಯುವುದು ಜೀವದ ಧರ್ಮ. ಅದನ್ನು ತಡೆಯಲು ರಾಜನಿಗೂ ಅಧಿಕಾರವಿಲ್ಲ, ಋಷಿಗೂ ಇಲ್ಲ. ಆದರೆ ನಮ್ಮದು ಬಾಡಿಗೆ ಮನೆ.

ದೇವನಹಳ್ಳಿಯ ಕೋಟೆಯ ಹೊರಗೆ ಇದ್ದ ಆ ಹೆಂಚಿನ ಮನೆಯ ನಡುಮನೆಯಲ್ಲಿ, ಬೆಳಕಿಗೆಂದು ಕೂರಿಸಿದ್ದ ಗಾಜಿನ ಹೆಂಚಿಗೆ ನೇರ ಕೆಳಗೆ, ಅರ್ಧಕ್ಕೆ ಕೊಯ್ದ ಸೀಮೆಎಣ್ಣೆ ಡಬ್ಬದಲ್ಲಿ ನನ್ನ ಹೆಂಡತಿ ರುಕ್ಮಿಣಿಯ ಡ್ರಸೀನಾ ಗಿಡವಿತ್ತು. ನಾನು ಆಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಗುಮಾಸ್ತ. ಜನ ತಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ದಪ್ಪ ಪುಸ್ತಕಕ್ಕೆ ಒಂದಕ್ಷರ ಬಿಡದೆ ಇಳಿಸುವುದು ನನ್ನ ಕೆಲಸ. ಆದ್ದರಿಂದ ಗಿಡದ ಚೆಕ್ಕುಬಂದಿಯನ್ನೂ ಕ್ರಮವಾಗಿಯೇ ಹೇಳಿಬಿಡುತ್ತೇನೆ: ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ನನ್ನ ಆರಾಮಕುರ್ಚಿ, ಉತ್ತರಕ್ಕೆ ಅಕ್ಕಿ ಡಬ್ಬ, ದಕ್ಷಿಣಕ್ಕೆ ಓಡಾಡುವ ದಾರಿ. ಮೇಲಕ್ಕೆ ಎಲ್ಲೆ ಬರೆಯುವ ಪದ್ಧತಿ ನಮ್ಮ ಇಲಾಖೆಯಲ್ಲಿಲ್ಲ. ಗಿಡ ಈ ಲೋಪವನ್ನು ಚೆನ್ನಾಗಿ ಉಪಯೋಗಿಸಿಕೊಂಡಿತು.

ಗಿಡದ ಹಕ್ಕುಮೂಲ ಹೀಗೆ. ನನ್ನ ಮಾವನವರು ಬೆಂಗಳೂರಿನಲ್ಲಿ ಸರ್ಕಾರಿ ತೋಟವೊಂದರ ಮೇಸ್ತ್ರಿಯಾಗಿದ್ದರು. ನಮ್ಮ ಮದುವೆಯಲ್ಲಿ ಉಳಿದ ನೆಂಟರು ಕೊಳದಪ್ಪಲೆ, ಕೊಡ, ಹಂಡೆಗಳನ್ನು ಓದಿಸಿದರೆ ಅವರು ಮಗಳ ಕೈಗೆ ಗೇಣುದ್ದದ ಒಂದು ಗಿಡ ಕೊಟ್ಟರು. "ಇದು ಸಾಯೋ ಜಾತಿ ಅಲ್ಲಮ್ಮ. ನೋಡ್ಕೊಳ್ದೆ ಹೋದ್ರೆ ಮುನಿಸ್ಕೊಳ್ಳೋ ಜಾತಿ" ಎಂದರು. ಆ ಮಾತನ್ನು ಗಿಡದ ಬಗ್ಗೆ ಹೇಳಿದರೋ ಮಗಳ ಬಗ್ಗೆ ಹೇಳಿದರೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ದೇವನಹಳ್ಳಿಗೆ ಬರುವ ಬಸ್ಸಿನಲ್ಲಿ ಗಿಡ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿತ್ತು, ರುಕ್ಮಿಣಿ ಅದರ ಪಕ್ಕದಲ್ಲಿ, ನಾನು ನಿಂತಿದ್ದೆ. ಕಂಡಕ್ಟರು ಗಿಡಕ್ಕೆ ಅರ್ಧ ಟಿಕೀಟು ಹರಿದ. ಎರಡು ವರ್ಷದೊಳಗೆ ಮಾವನವರು ತೀರಿಕೊಂಡರು. ಆಮೇಲೆ ರುಕ್ಮಿಣಿ ದಿನಾ ಬೆಳಗ್ಗೆ ಅಕ್ಕಿ ತೊಳೆದ ನೀರನ್ನು ತಣ್ಣಗೆ ಅದರ ಬುಡಕ್ಕೆ ಹುಯ್ಯುತ್ತಿದ್ದಳು. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದಳು. ನನ್ನ ಕನ್ನಡಕವನ್ನು ನಾನೇ ಒರೆಸಿಕೊಳ್ಳುತ್ತಿದ್ದೆ.

ಇಂಥ ಉಪಚಾರಕ್ಕೆ ಯಾರಾದರೂ ಬೆಳೆಯುತ್ತಾರೆ. ಹತ್ತು ವರ್ಷದಲ್ಲಿ ಗಿಡ ಒಂದೇ ಕಾಂಡದಲ್ಲಿ, ಬುಡದಿಂದ ಕುತ್ತಿಗೆಯವರೆಗೆ ಎಲೆಯಿಲ್ಲದೆ, ತುದಿಯಲ್ಲಿ ಮಾತ್ರ ಒಂದು ಕುಚ್ಚು ಇಟ್ಟುಕೊಂಡು ಒಂಬತ್ತು ಅಡಿ ಬೆಳೆಯಿತು. ಹೊರಗಿಡೋಣವೆಂದರೆ ಬಾಗಿಲು ಐದೂವರೆ ಅಡಿ. ಬಗ್ಗಿಸೋಣವೆಂದರೆ ಬಗ್ಗುವ ಸ್ವಭಾವವಲ್ಲ. ಕೊನೆಗೊಂದು ಮುಂಗಾರಿನಲ್ಲಿ ಅದು ತಲೆಯಿಂದ ಗಾಜಿನ ಹೆಂಚನ್ನು ಎರಡಂಗುಲ ಎತ್ತಿ ಆಕಾಶ ನೋಡಿತು. ಮಳೆ ಒಳಗೆ ಬಂತು. ಮೊದಲು ನನ್ನ ಕುರ್ಚಿಯ ಮೇಲೆ ಬಿದ್ದದ್ದರಿಂದ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆಮೇಲೆ ನಡುಗೋಡೆ ನೆನೆದು, ಹಿಂದಿನ ಅರ್ಧದಲ್ಲಿದ್ದ ಮನೆ ಮಾಲೀಕ ಮುನಿಶಾಮಪ್ಪನವರ ರೇಷ್ಮೆಹುಳು ಸಾಕುವ ಕೋಣೆಗೆ ತೇವ ಇಳಿಯಿತು.

ಮುನಿಶಾಮಪ್ಪನವರು ಚನ್ನರಾಯಪಟ್ಟಣದ ಕಡೆಯವರು. ಊರಾಚೆ ಎರಡೆಕರೆ ಹಿಪ್ಪುನೇರಳೆ ತೋಟ ಇಟ್ಟಿದ್ದರು. ಅವರಿಗೆ ಡ್ರಸೀನಾ ಎಂಬ ಹೆಸರು ಎಂದೂ ಒಗ್ಗಲಿಲ್ಲ. ಎಲೆ ನೋಡಿ ಮುಸುಕಿನ ಜೋಳ ಎಂದೇ ಕರೆಯುತ್ತಿದ್ದರು. ಒಳಗೆ ಬಂದು, ಸೂರು ನೋಡಿ, ಗಿಡ ನೋಡಿ, ನನ್ನನ್ನು ನೋಡಿ, "ಸ್ವಾಮಿ, ನಿಮ್ಮ ಜೋಳ ಇಳಿಸ್ತೀರಾ, ಇಲ್ಲಾ ನಾನೇ ಮನೆ ಮೇಲಕ್ಕೆ ಎತ್ತಿಸ್ಬೇಕಾ?" ಎಂದರು.

"ಕತ್ತರಿಸಿಬಿಡ್ತೀನಿ" ಎಂದೆ ನಾನು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬಹಳ ಸದ್ದಿಗಿಂತ ಅದು ಕೆಟ್ಟದ್ದು.

ಆ ರಾತ್ರಿಯ ಊಟದಲ್ಲಿ ಉಪ್ಪಿರಲಿಲ್ಲ. ನಾನು ಅಂಜುವವನಲ್ಲ. ಕೃಷಿ ಇಲಾಖೆಯ ಪರಿಚಯದವರೊಬ್ಬರಿಂದ ಅಲಂಕಾರ ಗಿಡಗಳ ಮೇಲಿನ ಕಿರುಹೊತ್ತಿಗೆಯೊಂದನ್ನು ತಂದು, ಕ್ರಯಪತ್ರ ಓದುವ ಗಮನದಿಂದಲೇ ಮೂರು ಸಲ ಓದಿದೆ. ಡ್ರಸೀನಾ ಗಿಡವನ್ನು ಬುಡದಿಂದ ಒಂದಡಿ ಬಿಟ್ಟು ಕತ್ತರಿಸಬಹುದು, ಮೋಟು ಮತ್ತೆ ಚಿಗುರುತ್ತದೆ, ಕಾಂಡವನ್ನು ಎಂಟಂಗುಲದ ತುಂಡುಗಳಾಗಿ ಮಾಡಿ ನೆಟ್ಟರೆ ಒಂದೊಂದು ತುಂಡೂ ಒಂದೊಂದು ಗಿಡವಾಗುತ್ತದೆ ಎಂದಿತ್ತು. ನನಗೆ ಇದು ಹೊಸದಲ್ಲ. ಒಂದು ಸರ್ವೆ ನಂಬರು ಅಣ್ಣತಮ್ಮಂದಿರಲ್ಲಿ ಒಂಬತ್ತಾಗುವುದನ್ನು ದಿನಾ ಬರೆಯುತ್ತಿದ್ದವನು ನಾನು. ಮಾರನೆಯ ದಿನ ಕಚೇರಿಯಲ್ಲಿ ಈ ವಿದ್ಯೆಯನ್ನು ವಿವರಿಸುತ್ತ ವಿವರಿಸುತ್ತ ಏಳು ಜನಕ್ಕೆ ಗಿಡ ಕೊಡುವುದಾಗಿ ಮಾತು ಕೊಟ್ಟೆ. ಅವರಲ್ಲಿ ನಮ್ಮ ಸಾಹೇಬರೂ ಒಬ್ಬರು.

ರುಕ್ಮಿಣಿಯನ್ನು ಒಪ್ಪಿಸುವುದು ಏಳು ಜನಕ್ಕೆ ಮಾತು ಕೊಟ್ಟಷ್ಟು ಸುಲಭವಾಗಿರಲಿಲ್ಲ.

"ಅಪ್ಪನ ಕೈಯಿಂದ ಬಂದಿದ್ದು ಅದೊಂದೇ. ಹೋದ್ರೆ?" ಎಂದಳು.

"ಹೋಗಲ್ಲ. ಒಂದು ಹೋಗಿ ಒಂಬತ್ತಾಗುತ್ತೆ."

"ನಂಗೆ ಒಂಬತ್ತು ಬೇಡ. ಒಂದಾದ್ರೂ ಬದುಕುತ್ತೆ ಅಂತ ಬರ್ಕೊಡಿ. ದಿನಾ ಊರಿಗೆಲ್ಲ ಬರ್ಕೊಡ್ತೀರಲ್ಲ."

ಬರೆದುಕೊಟ್ಟೆ. ಹಾಳು ಕಾಗದದ ಮೇಲೆಯೇ ಆದರೂ ಅದು ಸಕ್ರಮವಾದ ಮುಚ್ಚಳಿಕೆ. ಸದರಿ ಗಿಡವನ್ನು ಕತ್ತರಿಸಿದ ಮೇಲೆ ಅದರ ಒಂದು ತುಂಡಾದರೂ ಬೇರುಬಿಟ್ಟು ಬದುಕದೆ ಹೋದಲ್ಲಿ, ಬರೆದುಕೊಟ್ಟವನು ತನ್ನ ಜೀವಮಾನ ಪರ್ಯಂತ ಗಿಡ, ಮರ, ಬಳ್ಳಿ, ಹುಲ್ಲು ಈ ಯಾವ ವಿಷಯದಲ್ಲೂ ಅಭಿಪ್ರಾಯ ಹೇಳತಕ್ಕದ್ದಲ್ಲ. ಹಾಗೂ ಬರೆಸಿಕೊಂಡವಳು ಅವನ ಕೈಯಿಂದ ಕುಡುಗೋಲು ಮುಂತಾದ ಆಯುಧಗಳನ್ನು ಕಿತ್ತುಕೊಳ್ಳಲು ಪೂರ್ಣ ಹಕ್ಕುಳ್ಳವಳಾಗಿರುತ್ತಾಳೆ. ಮುನಿಶಾಮಪ್ಪನವರು ಸಾಕ್ಷಿ ಹಾಕಿದರು. "ಇನ್ನೊಂದ್ ಮಾತು ಸೇರ್ಸಿ ಸ್ವಾಮಿ, ಹೆಂಚು ನಿಮ್ಮದೇ ಖರ್ಚು ಅಂತ" ಎಂದರು. ಸೇರಿಸಿದೆ. ರುಕ್ಮಿಣಿ ಅದನ್ನು ಮಡಚಿ ಸಾಸಿವೆ ಡಬ್ಬಿಯ ತಳದಲ್ಲಿಟ್ಟಳು.

ಭಾನುವಾರ ಬೆಳಗ್ಗೆ, ರಾಹುಕಾಲಕ್ಕೆ ಬೇಕಾದಷ್ಟು ಮುಂಚೆ, ಸ್ನಾನ ಮಾಡಿ ಏಣಿ ಹತ್ತಿದೆ. ಮುನಿಶಾಮಪ್ಪನವರ ಗರಗಸ. ಮೊದಲು ತಲೆಯ ಕುಚ್ಚನ್ನು ಎರಡಡಿಗೆ ಕೊಯ್ದು ಕೆಳಗೆ ಕೊಟ್ಟೆ. ರುಕ್ಮಿಣಿ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು ಹಿತ್ತಲಿಗೆ ಒಯ್ದಳು. ನೋಡಲಾರದೆ ಒಯ್ದಳೆಂದುಕೊಂಡೆ. ಬುಡದಲ್ಲಿ ಅಡಿಯುದ್ದದ ಮೋಟು ಬಿಟ್ಟು ಉಳಿದ ಕಾಂಡವನ್ನು ತುಂಡು ಮಾಡಿದೆ, ಸರಿಯಾಗಿ ಒಂಬತ್ತಾದವು. ಹೊತ್ತಿಗೆಯಲ್ಲಿ ಒಂದು ಎಚ್ಚರಿಕೆ ಇತ್ತು. ಎಲೆಯಿಲ್ಲದ ತುಂಡಿಗೆ ತಲೆ ಯಾವುದು ಬುಡ ಯಾವುದು ಎಂದು ತಿಳಿಯುವುದಿಲ್ಲ. ಬುಡವನ್ನು ಚಪ್ಪಟೆಯಾಗಿಯೂ, ಮಳೆನೀರು ನಿಲ್ಲದಂತೆ ತಲೆಯನ್ನು ಓರೆಯಾಗಿಯೂ ಕೊಯ್ದರೆ ಮುಂದೆ ಗೊಂದಲವಿರುವುದಿಲ್ಲ. ಅಕ್ಷರಶಃ ಹಾಗೆಯೇ ಕೊಯ್ದೆ. ಕಂಡದ್ದನ್ನು ಕಂಡಂತೆ ನಕಲು ಮಾಡುವುದರಲ್ಲಿ ನನಗೆ ತಾಲ್ಲೂಕಿನಲ್ಲಿ ಸಮನಿರಲಿಲ್ಲ. ಕೊಯ್ದ ಬಾಯಿ ಒಣಗಲಿ ಎಂದು ಜಗಲಿಯ ನೆರಳಿನಲ್ಲಿ ಸಾಲಾಗಿ ಮಲಗಿಸಿದೆ.

ಸೋಮವಾರ ದೊಡ್ಡ ಮುಹೂರ್ತದ ದಿನ. ಅಂಥ ದಿನ ಇಡೀ ತಾಲ್ಲೂಕೇ ಆಸ್ತಿ ಬರೆಸಲು ಬರುತ್ತದೆ. ಹೊರಡುವ ಅವಸರದಲ್ಲಿ ಮುನಿಶಾಮಪ್ಪನವರಿಗೆ, "ಸಾಯಂಕಾಲ ಮೋಡ ಆದ್ರೆ ಅವನ್ನ ಹಿತ್ತಲಲ್ಲಿ ನೆಟ್ಟುಬಿಡಿ. ತಲೆ ಮೇಲೆ, ಬುಡ ಕೆಳಗೆ. ಕೊಯ್ದಿರೋದು ನೋಡಿದ್ರೇ ಗೊತ್ತಾಗುತ್ತೆ" ಎಂದೆ.

"ಕಡ್ಡಿ ನೆಡೋದು ನನ್ಗೆ ಹೇಳ್ಕೊಡ್ತೀರಾ ಸ್ವಾಮಿ?" ಎಂದು ಅವರು ನಕ್ಕರು. "ಹುಟ್ಟಿದಾಗ್ಲಿಂದ ಅದೇ ಕೆಲ್ಸ. ಕೊಯ್ದಿರೋದೇ ಹೇಳ್ತದೆ ಬಿಡಿ."

ಸಂಜೆ ಬಂದು ನೋಡಿದರೆ ಒಂಬತ್ತೂ ಒಂದೇ ಎತ್ತರಕ್ಕೆ ಸಾಲಾಗಿ ನಿಂತಿದ್ದವು. ಎಷ್ಟು ಚೆನ್ನಾಗಿ ನೆಟ್ಟಿದ್ದರೆಂದರೆ ತುದಿಗಳೆಲ್ಲ ಮಟ್ಟಸವಾಗಿ, ಮೇಲೊಂದು ಹಲಗೆ ಇಟ್ಟರೆ ಬೆಂಚಾಗುತ್ತಿತ್ತು. ಆ ಮಟ್ಟಸವನ್ನು ಕಂಡು ನನಗೆ ಸಂತೋಷವಾಯಿತು. ಅನುಮಾನವಾಗಬೇಕಿತ್ತು. ಆದರೆ ನನ್ನ ವಿಶ್ವಾಸ ಆಗ ಅನುಮಾನಕ್ಕೆ ಜಾಗ ಕೊಡುವಷ್ಟು ಕಡಿಮೆ ಇರಲಿಲ್ಲ.

ಒಂದು ತಿಂಗಳಾಯಿತು. ತುಂಡುಗಳ ಸಿಪ್ಪೆ ಸುಕ್ಕಾಯಿತು. "ಗಿಡ ಮೊದಲು ಬೇರಿನ ಕಡೆ ಗಮನ ಕೊಡುತ್ತೆ. ಮೇಲಿನ ತೋರಿಕೆ ಆಮೇಲೆ" ಎಂದು ಕಚೇರಿಯಲ್ಲಿ ಹೇಳಿದೆ. ಏಳು ಜನವೂ ಒಪ್ಪಿದರು. ಸಾಹೇಬರು ಮಾತ್ರ ದಿನಾ ಬಂದೊಡನೆ, "ಏನ್ರೀ, ನಮ್ಮ ಗಿಡ ಹುಟ್ಟಿತಾ?" ಎಂದು ಹೆರಿಗೆ ವಾರ್ಡಿನ ಹೊರಗೆ ನಿಂತವರಂತೆ ಕೇಳುತ್ತಿದ್ದರು. ಒಳಗೆ ಡಬ್ಬದಲ್ಲಿ ಮೋಟು ಬೋಳಾಗಿ ನಿಂತಿತ್ತು. ರುಕ್ಮಿಣಿ ಎಂದಿನಂತೆ ಅದಕ್ಕೆ ಅಕ್ಕಿ ತೊಳೆದ ನೀರು ಹುಯ್ಯುತ್ತಿದ್ದಳು. ಒರೆಸಲು ಎಲೆ ಇಲ್ಲದ್ದರಿಂದ ಒದ್ದೆ ಬಟ್ಟೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿರುತ್ತಿದ್ದಳು. ಅದನ್ನು ಕಂಡ ದಿನ ನಾನು ಕಚೇರಿಗೆ ಹತ್ತು ನಿಮಿಷ ಮೊದಲೇ ಹೋಗಿಬಿಡುತ್ತಿದ್ದೆ.

ಮತ್ತೊಂದು ಭಾನುವಾರ ಮುನಿಶಾಮಪ್ಪನವರು ಜಗಲಿಯಲ್ಲಿ ಕೂತು ಹೊಸ ತೋಟಕ್ಕೆ ಹಿಪ್ಪುನೇರಳೆ ಕಡ್ಡಿ ಕೊಯ್ಯುತ್ತಿದ್ದರು. ಮಾತಿಗೆ ಕೂತೆ. ಒಂದು ತುದಿಯನ್ನು ಚಪ್ಪಟೆಯಾಗಿ, ಇನ್ನೊಂದನ್ನು ಓರೆಯಾಗಿ ಕೊಯ್ದು ರಾಶಿ ಹಾಕುತ್ತಿದ್ದರು. ಓರೆ ತುದಿ ಎಲ್ಲವೂ ಒಂದೇ ಕಡೆಗಿತ್ತು. ಹೊತ್ತಿಗೆ ಇವರಿಗೂ ಸಿಕ್ಕಿರಬೇಕೆಂದು ಮೆಚ್ಚಿಕೊಂಡು, "ಓರೆ ಮಾಡೋದು ಮಳೆನೀರು ನಿಲ್ಲಬಾರ್ದು ಅಂತ ತಾನೆ?" ಎಂದೆ.

"ಮಳೆನೀರೆಲ್ಲಿ ಬಂತು ಸ್ವಾಮಿ? ಓರೆ ಇದ್ರೆ ಮಣ್ಣೊಳಗೆ ಸಲೀಸಾಗಿ ಇಳೀತದೆ. ಓರೆ ಭೂಮಿಗೆ, ಚಪ್ಪಟೆ ಆಕಾಶಕ್ಕೆ. ನಮ್ಮ ತಾತನ ಕಾಲದಿಂದ್ಲೂ ಅಂಗೇಯ."

ನಾನು ಸ್ವಲ್ಪ ಹೊತ್ತು ಬೀದಿ ನೋಡಿದೆ. ಬೀದಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಮುನಿಶಾಮಪ್ಪನವರೇ, ನಾನು ಓರೆ ಕೊಯ್ದಿದ್ದು ಆಕಾಶಕ್ಕೆ."

ಅವರ ಕುಡುಗೋಲು ನಿಂತಿತು. "ಅಂಗಾರೆ ಒಂದ್ ತಿಂಗ್ಳಿಂದ ಎಲ್ಲಾ ಶೀರ್ಷಾಸನ ಹಾಕವೆ" ಎಂದರು. ಮತ್ತೆ, "ನಿಮ್ ಪುಸ್ತಕದೋರು ನಮ್ಮನ್ನ ಒಂದ್ ಮಾತು ಕೇಳ್ಬೌದಿತ್ತು" ಎಂದರು.

ಇಬ್ಬರೂ ಹಿತ್ತಲಿಗೆ ಹೋಗಿ ಕಿತ್ತೆವು. ಎಂಟು ಕೊಳೆತು ಮೆತ್ತಗಾಗಿದ್ದವು. ಒಂದು ಮಾತ್ರ ಮಣ್ಣಿನೊಳಗೇ ಚಿಗುರೊಡೆದು, ದಾರಿ ತಪ್ಪಿತೆಂದು ತಿಳಿದು, ಬಿಳಿಚಿಕೊಂಡು ಪಕ್ಕದಿಂದ ಮೇಲಕ್ಕೆ ತಿರುಗಿತ್ತು. ಕಚೇರಿಗೆ ಹಿಂಬಾಗಿಲಿನಿಂದ ಬರುವ ಕಕ್ಷಿಗಾರನ ಹಾಗೆ. ಅದನ್ನು ಹಾಗೇ ಬಿಟ್ಟಿದ್ದರೆ ಬದುಕುತ್ತಿತ್ತೋ ಏನೋ. ನಾನು ತಲೆ ಮೇಲಾಗಿ ಸರಿಪಡಿಸಿ ನೆಟ್ಟೆ. ನಾಲ್ಕನೆಯ ದಿನ ಸತ್ತಿತು.

ಆ ಸಂಜೆ ನಾನೇ ಸಾಸಿವೆ ಡಬ್ಬಿಯಿಂದ ಮುಚ್ಚಳಿಕೆ ತೆಗೆದು ರುಕ್ಮಿಣಿಯ ಮುಂದಿಟ್ಟೆ. "ನಿಮ್ಮಪ್ಪನ ಗಿಡ ಉಳಿಸೋಕಾಗ್ಲಿಲ್ಲ" ಎಂದೆ.

ಅವಳು ಕೈ ಒರೆಸಿಕೊಂಡು, "ಬನ್ನಿ" ಎಂದು ಬಚ್ಚಲುಮನೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ, ಸೌದೆ ರಾಶಿಯ ಮರೆಯಲ್ಲಿ, ಮದುವೆಯಲ್ಲಿ ಓದಿಸಿದ್ದ ಹಿತ್ತಾಳೆ ಕೊಡದಲ್ಲಿ ಗಿಡದ ತಲೆ ನೀರಿಗೆ ನಿಂತಿತ್ತು. ಎಲೆಗಳು ಫಳಫಳ ಹೊಳೆಯುತ್ತಿದ್ದವು. ಎತ್ತಿ ತೋರಿಸಿದಳು: ಬುಡದ ತುಂಬ ಗೇಣುದ್ದದ ಬಿಳಿ ಬೇರು.

"ತಲೇನ ನೀರಲ್ಲಿಡು ಅಂತ ಅಪ್ಪ ಹೇಳ್ತಿದ್ರು. ಎರಡು ದಿನಕ್ಕೊಂದ್ಸಲ ನೀರು ಬದಲಾಯಿಸ್ಬೇಕು, ಅಷ್ಟೇ."

"ನನಗೆ ಹೇಳಬಾರದಿತ್ತೇ?"

"ನೀವು ಪುಸ್ತಕ ಓದ್ತಿದ್ರಿ."

"ಆ ತುಂಡುಗಳು ತಲೆಕೆಳಗಾಗಿದ್ದು ನಿನಗೆ ಗೊತ್ತಿತ್ತಾ?"

"ಅದು ಗೊತ್ತಿರ್ಲಿಲ್ಲ. ನೀವೂ ಮುನಿಶಾಮಪ್ಪನೂ ಸೇರಿ ಮಾಡ್ತಿದೀರಲ್ಲ, ಅದಕ್ಕೇ ಇದೊಂದನ್ನ ಬಚ್ಚಿಟ್ಟೆ."

ಸಮಾಧಾನವಾದ ಮರುಕ್ಷಣ ನನ್ನಲ್ಲಿ ಗುಮಾಸ್ತ ಎಚ್ಚೆತ್ತ. ಮುಚ್ಚಳಿಕೆಯಲ್ಲಿರುವುದು 'ಒಂದು ತುಂಡಾದರೂ' ಎಂದು. ತಲೆಯೂ ಒಂದು ತುಂಡು. ಕತ್ತರಿಸಿದವನು ನಾನು. ಬದುಕಿಸಿದವರು ಯಾರೆಂಬ ವಿಚಾರ ಪತ್ರದಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಷರತ್ತು ಪೂರೈಸಿದೆ, ಗಿಡಮರಗಳ ವಿಷಯದಲ್ಲಿ ನನ್ನ ಅಭಿಪ್ರಾಯಸ್ವಾತಂತ್ರ್ಯ ಅಬಾಧಿತ ಎಂದು ಸೌದೆ ರಾಶಿಯ ಪಕ್ಕದಲ್ಲೇ ನಿಂತು ವಾದ ಮಂಡಿಸಿದೆ. ಸಾಕ್ಷಿಯಾದ ಮುನಿಶಾಮಪ್ಪನವರು ಬೇಲಿಯಾಚೆಯಿಂದ, "ಬರೆದಿರೋದು ಅಂಗೇ ಅದೆ ಕಣಮ್ಮ, ಸ್ವಾಮಿಯೋರು ಗೆದ್ರು" ಎಂದರು. ರುಕ್ಮಿಣಿ, "ಗೆದ್ದಿದೀರಿ, ಕೊಡ ಎತ್ಕೊಂಡು ಬನ್ನಿ" ಎಂದಳು.

ಗಿಡ ಮತ್ತೆ ಡಬ್ಬಕ್ಕೆ, ಮೋಟಿನ ಪಕ್ಕಕ್ಕೆ ಹೋಯಿತು. ಅದೇ ವಾರ ಮೋಟೂ ಎರಡು ಕಡೆ ಚಿಗುರಿತು. ಹೊಸ ಹೆಂಚನ್ನು ನಾನೇ ಹಾಕಿಸಿದೆ. ಸಾಹೇಬರಿಗೆ ಏನು ಹೇಳುವುದೆಂದು ಯೋಚಿಸುತ್ತಿರುವಾಗಲೇ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಸರ್ಕಾರ ಒಮ್ಮೊಮ್ಮೆ ಬಡವನ ಮೊರೆ ಕೇಳುತ್ತದೆ. ಉಳಿದ ಆರು ಜನಕ್ಕೆ ಕಡತ ಪರಿಶೀಲನೆಯಲ್ಲಿದೆ ಎಂದು ಹೇಳಿದೆ. ನಮ್ಮ ಕಚೇರಿಯಲ್ಲಿ ಆ ಮಾತಿನ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಏಳು ವರ್ಷದ ಮೇಲೆ ಗಿಡ ಎರಡನೆಯ ಸಲ ಹೆಂಚು ಮುಟ್ಟಿತು. ಆ ಸಲ ಕತ್ತರಿಸಿದವಳು ರುಕ್ಮಿಣಿ. ಆರು ತುಂಡು ಮಾಡಿದಳು, ಒಂದೊಂದರ ತಲೆಗೂ ಕುಂಕುಮ ಇಟ್ಟಳು, ತಾನೇ ನೆಟ್ಟಳು. ಆರೂ ಚಿಗುರಿದವು. ನಾನು ಏಣಿ ಹಿಡಿದುಕೊಂಡಿದ್ದೆ.