ಜರ್ಮನಿಯ ಮಗಳು, ನನ್ನ ಎದೆಬಡಿತ

ನಾನು ನರ್ಸ್. ರಕ್ತ ಕಂಡು ಹೆದರುವವಳಲ್ಲ. ಆದರೆ ಚರ್ಚಿನವರು ಹೇಳಿದರೆಂದು ಪರದೇಶದ ವಿದ್ಯಾರ್ಥಿಗಳನ್ನು ಬೀದರ್‌ನ ನಮ್ಮ ಮನೆಯಲ್ಲಿ ಇಟ್ಟುಕೊಳ್ಳತೊಡಗಿದ ಮೇಲೆ ನನ್ನ ಎದೆ ಒಂದು ದಿನವೂ ನೆಟ್ಟಗೆ ಬಡಿದಿಲ್ಲ. ಬೇರೆಯವರ ಮಗಳು, ಏನಾದರೂ ಆದರೆ ಅವಳ ತಾಯಿಗೆ ಯಾವ ಮುಖ ತೋರಿಸಲಿ? ಈ ವರ್ಷ ಬಂದ ಜರ್ಮನಿ ಹುಡುಗಿಯಂತೂ ಮೂರು ತಿಂಗಳಲ್ಲಿ ನನ್ನ ಆಯುಷ್ಯವನ್ನೇ ಕಡಿಮೆ ಮಾಡಿದಳು.

ಮಾಳಿಗೆಯ ಮೇಲೆ

ಅವಳು ಬಂದ ಮೂರನೆಯ ದಿನ. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ. ಪಕ್ಕದ ಮನೆಯಾಕೆ ಕಿರುಚಿದಳು: "ಸಿಸ್ಟರ್, ಲಗೂ ಬರ್ರಿ! ನಿಮ್ಮ ಹುಡುಗಿ ಮಾಳಗಿ ಮ್ಯಾಲ ಬಿದ್ದಾಳ!"

ಉಪ್ಪು-ಸಕ್ಕರೆ ನೀರು ಕಲಸಿಕೊಂಡು ಮೆಟ್ಟಿಲು ಹತ್ತಿದೆ. ಹುಡುಗಿ ಅಂಗಾತ ಬಿದ್ದಿದ್ದಳು. ಮುಖ ಟೊಮೆಟೊದಷ್ಟು ಕೆಂಪು. ನಾಡಿ ಹಿಡಿದೆ, ತಲೆ ಮೇಲೆ ನೀರು ಸುರಿದೆ. ಅವಳು ಬೆಚ್ಚಿ ಎದ್ದು ಕೂತು ಇಂಗ್ಲಿಷಿನಲ್ಲಿ ಕೇಳಿದಳು: "ಆಂಟಿ, ಯಾಕೆ? ನಾನು ಬಿಸಿಲು ಕಾಯಿಸಿಕೊಳ್ಳುತ್ತಿದ್ದೆ. ನಮ್ಮೂರಲ್ಲಿ ಇಷ್ಟು ಸಿಗುವುದಿಲ್ಲ!"

ನನ್ನ ಹಿಂದೆಯೇ ಹತ್ತಿ ಬಂದಿದ್ದ ಪಕ್ಕದಾಕೆ ಹಣೆ ಒರೆಸಿಕೊಂಡಳು. "ಹಂಗಾದ್ರ ಹೋಗುವಾಗ ಎಲ್ಲಾ ಕಟ್ಕೊಂಡು ಒಯ್ಯಿ ಅನ್ರಿ. ನಮಗೇನೂ ಬ್ಯಾಡ."

ಭಾಲ್ಕಿ ಬಸ್‌ಸ್ಟ್ಯಾಂಡು

ಭಾಲ್ಕಿಯಲ್ಲಿ ನಮ್ಮ ಸಂಬಂಧಿಕರ ಮಗುವಿನ ದೀಕ್ಷಾಸ್ನಾನ ಮುಗಿಸಿ ಬರುತ್ತಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿ ತರಲು ಹೋದೆ. ತಿರುಗಿ ಬಂದರೆ ಹುಡುಗಿ ಇಲ್ಲ! ಫೋನ್ ನನ್ನ ಚೀಲದಲ್ಲೇ ಇಟ್ಟಿದ್ದಳು.

ಅಲ್ಲಿದ್ದ ಕಂಡಕ್ಟರನನ್ನು ಕೇಳಿದೆ. "ಬೆಳ್ಳಾನ ಹುಡುಗಿ ಹೌದಿಲ್ರಿ? ಔರಾದ್ ಬಸ್ ಹತ್ತ್ಯಾಳ. ನಾಕು ಮಂದಿ ಹೆಂಗಸ್ರು ಕೈ ಹಿಡ್ದು ಕರ್ಕೊಂಡು ಹೋಗ್ಯಾರ."

ಮುಂದಿನ ಬಸ್ಸಿನಲ್ಲಿ ಕೂತು, ಬಾಯಿಪಾಠ ಬರುವ ಕೀರ್ತನೆಗಳನ್ನೆಲ್ಲ ಹೇಳಿಕೊಂಡೆ. ಔರಾದ್‌ನಲ್ಲಿ ಇಳಿದವಳೇ ಕಂಡವರನ್ನೆಲ್ಲ ಕೇಳಿದೆ. ಚಹಾದಂಗಡಿಯವನು ಎದುರಿನ ಮದುವೆಮನೆಗೆ ಕೈ ತೋರಿಸಿದ. ಒಳಗೆ ನೋಡುತ್ತೇನೆ, ಮದುಮಗಳ ಪಕ್ಕದಲ್ಲಿ ನಮ್ಮ ಹುಡುಗಿ! ಕೆನ್ನೆಗೆ ಅರಿಶಿನ, ಕೈ ತುಂಬ ಹಸಿರು ಬಳೆ.

"ಏನ್ ಮಾಡೀರಿ ನಮ್ಮ ಹುಡುಗಿಗಿ?" ಎಂದು ಒದರಿದೆ.

ಅಲ್ಲಿದ್ದ ಅಜ್ಜಿ ಹೇಳಿದಳು: "ಏನೂ ಮಾಡಿಲ್ರಿ ಅವ್ವಾ. ಮದಿವಿಗಿ ಬರ್ತೀಯೇನು ಅಂದೇವು, ಹೂಂ ಅಂದಳು."

ತಪ್ಪು ನನ್ನದೇ. ಹಿರಿಯರು ಏನು ಕೇಳಿದರೂ ಮರ್ಯಾದೆಗೆ 'ಹೂಂ' ಅನ್ನು ಎಂದು ಅವಳಿಗೆ ಕಲಿಸಿದವಳು ನಾನು. ಹೊರಡುವಾಗ ಅಜ್ಜಿ ನನ್ನ ಕಿವಿಯ ಹತ್ತಿರ ಬಂದಳು. "ನಮ್ಮ ಮೊಮ್ಮಗ ಒಬ್ಬ ಅದಾನ್ರಿ. ಅವನ್ನ ಮಾಡ್ಕೋತೀಯೇನು ಅಂತ ಕೇಳಾಕಿ ಇದ್ದೆ, ಅಷ್ಟ್ರಾಗ ನೀವು ಬಂದ್ರಿ!"

ಪೊಲೀಸರು ಬಂದರು

ಒಂದು ಬೆಳಿಗ್ಗೆ ಗೇಟಿನ ಮುಂದೆ ಪೊಲೀಸ್ ಜೀಪು ನಿಂತಿತು. ಪರದೇಶದವರು ಮನೆಗೆ ಬಂದರೆ ಪೊಲೀಸರಿಗೆ ಫಾರ್ಮ್ ಕಳಿಸಬೇಕು. ಕಳಿಸಿದ್ದೇನೆ ಎಂದು ನಮ್ಮ ಮನೆಯವರು ಹೇಳಿದ್ದರು, ಆದರೆ ಅವರ ಮರೆವು ನನಗೆ ಗೊತ್ತು. ನನಗಿಂತ ಹೆಚ್ಚು ಹೆದರಿದವರು ನಮ್ಮ ಅತ್ತೆ. ಹುಡುಗಿಯ ತಲೆಗೆ ತಮ್ಮ ಸೀರೆ ಹೊದಿಸಿ, ಕೈಗೆ ಮೊರ ಕೊಟ್ಟು ಜೋಳ ಹಸನು ಮಾಡಲು ಕೂಡಿಸಿಬಿಟ್ಟರು.

"ಪರದೇಶದವರು ಯಾರರ ಇದ್ದಾರೇನ್ರಿ?" ಪೊಲೀಸಿನವರು ಕೇಳಿದರು.

"ಯಾರೂ ಇಲ್ರಿ ಸಾಹೇಬ್ರ," ಅಂದರು ಅತ್ತೆ.

"ಇವರು?"

"ನನ್ನ ತಂಗಿ ಮೊಮ್ಮಗಳ್ರಿ. ಇಲ್ಲೇ ಬಾಜೂಕಿನ ಹಳ್ಳಿ, ಕಮಠಾಣದಾಕಿ."

"ಇಷ್ಟು ಬೆಳ್ಳಗ?"

"ಬಸರಿದ್ದಾಗ ಅವರವ್ವ ಬರೀ ಕೇಸರಿ ಹಾಲು ಕುಡ್ದಾಳ್ರಿ."

ಪೊಲೀಸಿನವರು ಕಾಗದ ಬಿಚ್ಚಿದರು. "ಜರ್ಮನಿ ಹುಡುಗಿ ಇಲ್ಲಿ ಅದಾಳಂತ ಫಾರ್ಮ್ ಬಂದದ. ಎಲ್ಲಾ ಬರಾಬರ್ ಅದ, ಒಂದು ಸಲ ನೋಡಿ ಹೋಗಲಾಕ ಬಂದೀನಿ. ಇಲ್ಲಂದ್ರ, ಆಕಿ ಕಾಣಿಯಾಗ್ಯಾಳಂತ ಬರೀಬೇಕಾಗ್ತದ ನೋಡ್ರಿ!"

"ಇಕಿನೇ ರೀ ಆ ಹುಡುಗಿ!" ಎಂದೆ. ಅಷ್ಟರಲ್ಲಿ ಹುಡುಗಿ ಎದ್ದು ನಿಂತು, ಅತ್ತೆಯ ಮಾನ ಉಳಿಸಬೇಕೆಂದು ಕೈ ಮುಗಿದು ಹೇಳಿದಳು: "ನಾ ಕಮಠಾಣದಾಕಿ ರೀ."

ಒಳಗೆ ಓಡಿ ಪಾಸ್‌ಪೋರ್ಟ್ ತಂದು, ಇವಳು ಖಂಡಿತ ಪರದೇಶದವಳು ಎಂದು ಕೈಕಾಲು ಬಿದ್ದು ನಂಬಿಸಿದೆ. ಪೊಲೀಸಿನವರು ನಗು ತಡೆದುಕೊಂಡು ಬರೆದುಕೊಂಡರು, ಚಹಾ ಕುಡಿದರು. ಹೊರಡುವಾಗ ಅತ್ತೆಯ ಕಡೆ ತಿರುಗಿದರು. "ಈಕಿದು ಆಯ್ತು. ಅಮ್ಮಾ, ನೀವು ಇಲ್ಲಿಯವರೇ ಏನು? ನನಗ್ಯಾಕೋ ನಿಮ್ಮ ಮ್ಯಾಲೇ ಶಕ್ ಬರಲತ್ತದ."

ಅತ್ತೆ ಬೆವರು ಒರೆಸಿಕೊಳ್ಳುತ್ತ ಒಳಗೆ ಓಡಿಹೋಗಿ ರೇಷನ್ ಕಾರ್ಡ್ ತಂದರು.